ಕಟ್ಟೆಯ ಕೆಳಗಿನ ಒಲೆಗಳು

ನಮ್ಮ ಮಾವನವರ ಪ್ಯಾಂಟುಗಳಿಗೆಲ್ಲ ಮೊಣಕಾಲಿನ ಮೇಲೆ ಎರೆಮಣ್ಣಿನ ಎರಡು ದುಂಡು ಕಲೆಗಳಿರುತ್ತಿದ್ದವು. ಯಾವ ಸೋಪಿಗೂ ಬಗ್ಗದ ಕಲೆಗಳು. ಸೊಸೆಯಾಗಿ ಅಥಣಿಗೆ ಬಂದ ಹೊಸತರಲ್ಲಿ ಅವನ್ನು ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಗಿತ್ತು. ಮಾವ ನೀರಾವರಿ ಇಲಾಖೆಯ ಎಂಜಿನಿಯರ್. ದಾರಿಯಲ್ಲಿ ಕೆರೆ ಕಂಡರೆ ಸಾಕು, ಏರಿಯ ಹೊರಮೈಗೆ ಮಂಡಿಯೂರಿ, ಅಂಗೈ ಒತ್ತಿ, ನೀರು ಜಿನುಗುತ್ತಿದೆಯೇ ಎಂದು ನೋಡುವವರು. "ಮದವೀಗೆ ಹೊಂಟೀವ್ರಿ, ಹೊಸಾ ಪ್ಯಾಂಟ್ ಐತಿ!" ಎಂದು ಅತ್ತೆ ಒದರಿದರೂ, "ತಡೀ, ಒಂದ್ ಮಿನಿಟ್" ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಹತ್ತಿರದ ಸತ್ತಿ ಊರಿನ ಕಡೆಯ ಸಾವ್ಕಾರರೊಬ್ಬರು ತಮ್ಮ ಹೊಲದ ಹಳ್ಳಕ್ಕೆ ಸ್ವಂತ ಖರ್ಚಿನಲ್ಲಿ ಕಟ್ಟೆ ಹಾಕಿಸಿದ್ದರು. ಬೆಳೆಗಲ್ಲ, ಮೋಜಿಗೆ. ಕೊಲ್ಲಾಪುರದ ಬೀಗರು ಬಂದರೆ ದೋಣಿಯಲ್ಲಿ ಕೂರಿಸಿ ಸುತ್ತಾಡಿಸಬೇಕಲ್ಲ! ಆ ಕಟ್ಟೆಗೆ ಅಪಾಯದ ದರ್ಜೆ ಕೊಡಲು ಮಾವ ಹೋಗಬೇಕಿತ್ತು. "ಮನೀ ಮಂದೀನ್ನೂ ಕರ್ಕೊಂಡ ಬರ್ರಿ ಸಾಹೇಬ್ರ" ಎಂದು ಸಾವ್ಕಾರರು ಅಂದದ್ದಕ್ಕೆ ನಾವೂ ಬುತ್ತಿ ಕಟ್ಟಿಕೊಂಡು ಹೊರಟೆವು.

ದರ್ಜೆ ಎಂದರೆ ಕಟ್ಟೆ ಎಷ್ಟು ಗಟ್ಟಿ ಎಂದು ಅಳೆಯುವುದಲ್ಲ. ದಾರಿಯಲ್ಲಿ ಮಾವನೇ ತಿಳಿಸಿ ಹೇಳಿದರು: "ಕಟ್ಟಿ ಒಡದ್ರ ಕೆಳಗ ಯಾರ್ ಸಾಯ್ತಾರ, ಅಷ್ಟ ನೋಡೂದವ್ವಾ. ಮಂದಿ ಇದ್ರ ಮೇಲಿನ ದರ್ಜೆ; ಹೆಚ್ಚಿನ ನೀರ ಹೋಗಾಕ ಕೋಡಿ ಅಗಲ ಮಾಡಸಬೇಕು. ಯಾರೂ ಇಲ್ಲಂದ್ರ ಸಣ್ಣ ಕೋಡಿ ಸಾಕು."

ಏರಿ ಒಣಗಿತ್ತು, ಗಟ್ಟಿಯಾಗಿತ್ತು. ಕೆಳಗೆ ಯಾರೂ ಇರಲಿಲ್ಲ. ಕಟಾವಾದ ಕಬ್ಬಿನ ಕೂಳೆ, ಒಂದು ಬೇವಿನ ಮರ, ಅದರಡಿ ಮಸಿ ಹಿಡಿದ ಮೂರು ಕಲ್ಲಿನ ಒಲೆಗಳು. "ಪಿಕ್ನಿಕ್ ಮಂದೀವು" ಎಂದರು ಮಾವ. ನಮಗೂ ಹಾಗೇ ಅನಿಸಿತು. ಅದೇ ಒಲೆಯ ಮೇಲೆ ಅತ್ತೆ ಚಹಾ ಕಾಸಿದರು. ದೋಣಿಯಲ್ಲಿ ಸುತ್ತಿ ಬಂದ ಖುಷಿಗೆ ನಾನು ಒಂದು ರೊಟ್ಟಿ ಹೆಚ್ಚಿಗೇ ತಿಂದೆ. ಮಾವ ಕೆಳಗಿನ ದರ್ಜೆ ಬರೆದರು.

ಆದರೆ ಆ ಒಲೆಗಳು ಕಬ್ಬು ಕಡಿಯುವ ಗ್ಯಾಂಗಿನವು. ದಸರೆ ಮುಗಿದ ಮೇಲೆ ಗಡಿಯಾಚೆಯ ಮರಾಠಿ ಸೀಮೆಯಿಂದ ಬಂದು, ಅಲ್ಲೇ ಗುಡಿಸಲು ಹಾಕಿ, ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಹೊರಟುಹೋಗುತ್ತಿದ್ದರು. ನಮ್ಮ ಸೀಮೆಯ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಆದರೂ ಅಂದು ಅವರು ಯಾರ ನೆನಪಿಗೂ ಬರಲಿಲ್ಲ, ಸಾವ್ಕಾರರಿಗೂ, ಮಾವನಿಗೂ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅಕಾಲದ ಮಳೆ ಹಿಡಿಯಿತು. ಮಳೆ ನಿಂತ ಬೆಳಿಗ್ಗೆ ಗ್ಯಾಂಗಿನವರೆಲ್ಲ ಕಬ್ಬು ಕಡಿಯಲು ಹೋಗಿದ್ದರು. ಹಳ್ಳದ ನೀರು ಸಣ್ಣ ಕೋಡಿಯಲ್ಲಿ ಹಿಡಿಸದೆ ಏರಿಯ ಮೇಲೆ ಹತ್ತಿ ಹರಿದು ಕಟ್ಟೆಯನ್ನೇ ಕೊಚ್ಚಿಕೊಂಡು ಹೋಯಿತು. ಗುಡಿಸಲಲ್ಲಿದ್ದ ಒಬ್ಬ ಅಜ್ಜಿ, ಅವಳ ಮಡಿಲಲ್ಲಿದ್ದ ಮೊಮ್ಮಗು, ಇಬ್ಬರೂ ಹೋದರು.

ವಿಚಾರಣೆ ನಡೆದು ಮಾವನದು ತಪ್ಪಿಲ್ಲ ಎಂದಾಯಿತು. ನೋಡಲು ಹೋದ ದಿನ ಕೆಳಗೆ ಯಾರೂ ಇರಲಿಲ್ಲವಲ್ಲ. ಗಂಡನ ನೌಕರಿ ಉಳಿಯಿತೆಂದು ಅತ್ತೆ ಪೇಢೆ ತರಿಸಿದರು. ಮಾವ ಅದನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ಕುಳಿತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಮರುದಿನ ಮಾವ ಆ ಮಗುವಿನ ತಾಯಿಯನ್ನು ಹುಡುಕಿಕೊಂಡು ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಅವಳು ದಿಬ್ಬದ ಮೇಲೆ ಹೊಸದಾಗಿ ಹಾಕಿದ ಗುಡಿಸಲ ಮುಂದೆ ಕುಡುಗೋಲು ಮಸೆಯುತ್ತಿದ್ದಳು. ಇಲ್ಲಿ ಯಾರೂ ಇರುವುದಿಲ್ಲ ಎಂದು ಬರೆದವನು ನಾನೇ ತಾಯಿ, ಎಂದು ಮಾವ ಮರಾಠಿಯಲ್ಲಿ ಹೇಳಿದರು. ಅವಳು ತಲೆಯೆತ್ತಿ ನೋಡಿದಳು. ಕೋಪ ಬರಲಿಲ್ಲ ಅವಳಿಗೆ.

"ಖರಂ ಆಹೆ ಸಾಹೇಬ," ಎಂದಳು. ನೀವು ಬರೆದದ್ದು ನಿಜವೇ, ನಾವು ಇಲ್ಲಿಯವರಲ್ಲ, ಎಂದು ಹೇಳಿ ಮತ್ತೆ ಮಸೆಯತೊಡಗಿದಳು.

ತೊಂಬತ್ತರ ದಶಕದ ನಡುವೆ ಮಾವ ತೀರಿಕೊಂಡರು. ಮನೆ ತುಂಬ ಅಳುವವರು. ನಾನು ಅಡುಗೆಮನೆಯಲ್ಲಿ ಬಂದವರಿಗೆ ಚಹಾ ಸೋಸುತ್ತಿದ್ದೆ. ನನಗೆ ಅಳು ಅಂದೂ ಬರಲಿಲ್ಲ, ಆಮೇಲೂ ಬಂದಿಲ್ಲ. ಹಾಸಿಗೆ ಹಿಡಿದಿದ್ದಾಗ ಒಮ್ಮೆ ಗಂಜಿ ಕುಡಿಸಲು ಹೋದ ನನ್ನ ಕೈ ಹಿಡಿದು ಅವರು ಕೇಳಿದ್ದರು:

"ಆ ಕೂಸಿನ ತಾಯಿ ನನಗ ಒಂದ್ ಮಾತರ ಬೈಬಾರ್ದಾಗಿತ್ತೇನವ್ವಾ?"