ಲ್ಯಾಮಿನೇಷನ್ ಆದ ಐವತ್ತೆಂಟು

"ಇದೇನ್ ಸಾರ್, ಹೋಟ್ಲು ಮೆನು ಕಾರ್ಡ್ ಮಾಡ್ಸಿಬಿಟ್ಟಿದ್ದೀರಲ್ಲ?"

ಬೆಂಗಳೂರಿನ ಕಾಲೇಜೊಂದರ ಗುಮಾಸ್ತರು (ಕಾಲೇಜಿನ ಹೆಸರು ಬೇಡ, ಅಲ್ಲಿ ನನಗೆ ಇನ್ನೂ ಆಗಬೇಕಾದ ಕೆಲಸವಿದೆ) ನನ್ನ ಮಗಳ ಮಾರ್ಕ್ಸ್ ಕಾರ್ಡನ್ನು ಉಗುರಿನಿಂದ ಟಕಟಕ ಬಡಿದು ಹೀಗೆ ಕೇಳಿದರು. ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಬೇರೇನು ಮಾಡಲಿ?

ತಪ್ಪು ನನ್ನದೇ. ಚಿಂತಾಮಣಿಯ ಬಸ್ ಸ್ಟ್ಯಾಂಡ್ ಹಿಂದೆ ಹೊಸದಾಗಿ ಲ್ಯಾಮಿನೇಷನ್ ಅಂಗಡಿ ಬಂದಿದೆ. ಬಂದಾಗಿನಿಂದ ನಮ್ಮೂರಿನಲ್ಲಿ ಪ್ಲಾಸ್ಟಿಕ್ ಒಳಗೆ ಹೋಗದ ಕಾಗದವೇ ಇಲ್ಲ. ರೇಷನ್ ಕಾರ್ಡು, ಜಾತಕ, ಮದುವೆ ಪತ್ರಿಕೆ, ಎಲ್ಲ ಆಯಿತು. ಮಗಳು ವರಲಕ್ಷ್ಮಿಯ (ನಮ್ಮ ಬಾಯಲ್ಲಿ ವರ) ಮೊದಲ ವರ್ಷದ ಬಿ.ಎಸ್ಸಿ. ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಸಂಜೆಯೇ ನಾನೂ ಸೈಕಲ್ ಹತ್ತಿದೆ. ಅವಳು "ಒಂದ್ ನಿಮಿಷ ಇರಪ್ಪ, ಯಾರನ್ನಾದ್ರೂ ಕೇಳಣ" ಅಂದಳು. ಕೇಳುವುದೇನು? ಮಳೆ ಬಂದರೆ ನೆನೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ!

ಈಗ ವಿಷಯಕ್ಕೆ ಬರುತ್ತೇನೆ. ವರ ನಮ್ಮೂರ ಕಾಲೇಜಿನಲ್ಲಿ ಒಂದು ವರ್ಷ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಓದಿದ್ದಾಳೆ. ಎರಡನೇ ವರ್ಷಕ್ಕೆ ಬೆಂಗಳೂರಿಗೆ ಹೋಗಿ ಜುವಾಲಜಿಯ ಬದಲು ಮೈಕ್ರೋಬಯಾಲಜಿ ತೆಗೆದುಕೊಳ್ಳಬೇಕು ಎಂಬುದು ಅವಳ ಆಸೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಆ ವಿಷಯವೇ ಇಲ್ಲ. ಬೆಂಗಳೂರಿನ ಆ ಕಾಲೇಜಿನಲ್ಲಿ ಖಾಲಿ ಇರುವುದು ಮೂರು ಸೀಟು. ಅರ್ಜಿ ಹಾಕುವವರ ಸಾಲು ಗೇಟಿನವರೆಗೆ. ನೋಟಿಸ್ ಬೋರ್ಡಿನಲ್ಲಿ 'ಕೆಮಿಸ್ಟ್ರಿಯಲ್ಲಿ ಅರವತ್ತು' ಎಂದು ಬರೆದಿತ್ತು. ನಮ್ಮ ವರಳಿಗೆ ಬಂದಿರುವುದು ಐವತ್ತೆಂಟು.

ಅರವತ್ತು ಇರಲೇಬೇಕೋ, ಇದ್ದರೆ ಒಳ್ಳೆಯದೋ? ಗುಮಾಸ್ತರು "ಇರ್ಲೇಬೇಕು" ಅಂದರು. ಬಾಗಿಲಲ್ಲಿದ್ದ ಜವಾನರು "ಹೋದ್ ವರ್ಷ ಐವತ್ತೈದಕ್ಕೂ ಕೊಟ್ಟವ್ರೆ" ಅಂದರು. ಸಾಲಿನಲ್ಲಿದ್ದ ಗೌರಿಬಿದನೂರಿನ ತಂದೆಯೊಬ್ಬರು ಭಾಷೆಯ ಮಾರ್ಕ್ಸೂ ಸೇರಿಸುತ್ತಾರೆ ಎಂದರು. ಅವರ ಪಕ್ಕದವರು ಸೇರಿಸುವುದಿಲ್ಲ ಎಂದರು. ಸೇರಿಸಿದರೆ ನಮಗೆ ಲಾಭ. ಕನ್ನಡದಲ್ಲಿ ಅವಳಿಗೆ ಎಂಬತ್ತನಾಲ್ಕು (ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು). ಆದರೆ ಕನ್ನಡದ ಮಾರ್ಕ್ಸಿನಿಂದ ಬ್ಯಾಕ್ಟೀರಿಯಾ ನೋಡಲು ಬಿಡುತ್ತಾರೆಯೇ?

"ರೀವ್ಯಾಲ್ಯುಯೇಷನ್‌ಗೆ ಹಾಕಿ ಸಾರ್, ಎರಡು ಮಾರ್ಕ್ಸ್ ತಾನೆ" ಎಂದರು ಗುಮಾಸ್ತರು. ಹಾಕಬೇಕಾದರೆ ಒರಿಜಿನಲ್ ಕಾರ್ಡನ್ನು ವಿಶ್ವವಿದ್ಯಾಲಯಕ್ಕೆ ಕೊಡಬೇಕು. ಇಲ್ಲಿ ಅರ್ಜಿ ಹಾಕಬೇಕಾದರೂ ಒರಿಜಿನಲ್ ಬೇಕು. ಇರುವ ಒರಿಜಿನಲ್ ಒಂದೇ. ಎಲ್ಲಿ ಕೊಟ್ಟರೂ ಅದರ ಹಿಂಬದಿಯಲ್ಲಿ ಷರಾ ಬರೆದು ಸೀಲು ಒತ್ತಬೇಕಂತೆ. ಪ್ಲಾಸ್ಟಿಕ್ ಮೇಲೆ ಸೀಲು ನಿಲ್ಲುತ್ತದೆಯೇ?

ಕೊನೆಗೆ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋದೆವು. ಐವತ್ತು ದಾಟಿದ ಹೆಂಗಸು, ಬಿಳಿ ಕೋಟು. ವರಳನ್ನು ನೋಡಿ, "ಯಾಕಮ್ಮ, ಇದೇ ಸಬ್ಜೆಕ್ಟ್ ಯಾಕೆ ಬೇಕು?" ಎಂದು ಕೇಳಿದರು.

"ಮೇಡಂ, ಬಾಟನಿಯಲ್ಲಿ ಎಪ್ಪತ್ತೊಂದು ಇದೆ" ಎಂದೆ ನಾನು. "ಕೆಮಿಸ್ಟ್ರಿ ದಿನ ಇವಳಿಗೆ ಜ್ವರ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು..." (ಜ್ವರ ಇರಲಿಲ್ಲ. ನೆಗಡಿ ಇತ್ತು.)

"ನಾನು ಅವಳನ್ನ ಕೇಳಿದ್ದು" ಎಂದರು ಮೇಡಂ. ಅಷ್ಟರಲ್ಲಿ ಯಾರೋ ಬಂದು ಕರೆದರು. ಅವರು ಎದ್ದು, "ಗುರುವಾರ ಬನ್ನಿ" ಎಂದು ಹೊರಟೇಹೋದರು.

ವಾಪಸು ಬಸ್ಸಿನಲ್ಲಿ ಹೊಸಕೋಟೆ ದಾಟುವವರೆಗೂ ನಾನು ಲೆಕ್ಕ ಹಾಕುತ್ತಲೇ ಇದ್ದೆ. ಸೇರಿಸಿದರೆ ಇಷ್ಟು, ಬಿಟ್ಟರೆ ಇಷ್ಟು. ಸೀಟು ಸಿಗದಿದ್ದರೆ ಏನು ಮಾಡುವುದೆಂದೂ ಹೇಳತೊಡಗಿದೆ. ವರ ಕಿಟಕಿಯ ಕಡೆಯಿಂದ ತಿರುಗಲಿಲ್ಲ.

"ಸಿಗದಿದ್ರೆ ಸಿಗದಿದ್ರೆ ಅಂತೀಯಲ್ಲಪ್ಪ, ಸಿಕ್ಕಿದ್ರೆ?" ಅಂದಳು. "ಅಲ್ಲಿರೋರೆಲ್ಲ ಎಂಬತ್ತು ತೊಂಬತ್ತು ತಗೊಂಡೋರು. ನಾನು ಐವತ್ತೆಂಟು ಇಟ್ಕೊಂಡು ಅವ್ರ ಪಕ್ಕ ಕೂತ್ಕೋಬೇಕು. ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ?"

ಆಸೆ ಇರುವುದೂ ಅವಳಿಗೆ, ಹೆದರಿಕೆ ಇರುವುದೂ ಅವಳಿಗೇ. ಹಾಗಾದರೆ ನಾನು ಯಾವುದರ ಪರ ಮಾತಾಡಬೇಕು? ತಿಳಿಯದೆ ಎರಡು ರೂಪಾಯಿ ಕಡಲೆಕಾಯಿ ಕೊಂಡು ಅವಳ ಕೈಗಿಟ್ಟೆ.

ಮರುದಿನ ಲ್ಯಾಮಿನೇಷನ್ ಅಂಗಡಿಯ ಸಾಬರ ಹತ್ತಿರ ಹೋದೆ. ಅವರು ಕಾರ್ಡನ್ನು ಬೆಳಕಿಗೆ ಹಿಡಿದು ತಮ್ಮ ಕೆಲಸವನ್ನು ತಾವೇ ಮೆಚ್ಚಿಕೊಂಡರು. "ಹಾಕೋದು ಗೊತ್ತು ಮೇಷ್ಟ್ರೇ. ತೆಗೆಯೋದು ನಮಗೆ ಯಾರೂ ಕಲಿಸಿಲ್ಲ" ಅಂದರು. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಇಟ್ಟರೆ ಬಿಟ್ಟುಕೊಳ್ಳುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಹಳೆಯ ಜಾತಕವೊಂದರ ಮೇಲೆ ಪ್ರಯೋಗ ಮಾಡಿದೆವು. ಪ್ಲಾಸ್ಟಿಕ್ ಬಂತು, ಜೊತೆಗೆ ಎರಡು ಗ್ರಹಗಳೂ ಬಂದವು. ನನ್ನ ಹೆಂಡತಿ ಮಾರ್ಕ್ಸ್ ಕಾರ್ಡನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಭಾನುವಾರ ನನ್ನ ಭಾವಮೈದ ಬಂದ. ಶಿಡ್ಲಘಟ್ಟದಲ್ಲಿ ಗೂಡು ಕೊಂಡು ರೇಷ್ಮೆ ನೂಲು ತೆಗೆಸುವ ಕಸುಬು ಅವನದು. ರೀವ್ಯಾಲ್ಯುಯೇಷನ್ ಎಂದರೇನೆಂದು ವಿವರಿಸಿದೆ. ತಟ್ಟನೆ ಅರ್ಥ ಮಾಡಿಕೊಂಡ.

"ಎರಡನೇ ಹರಾಜು ಅನ್ನಿ ಭಾವ. ಮಾರ್ಕೆಟ್ಟಲ್ಲಿ ಮೊದಲು ಕೂಗಿದ ರೇಟು ಒಪ್ಪದೆ ಇದ್ರೆ ರೈತ ಇನ್ನೊಂದು ಹರಾಜಿಗೆ ನಿಂತ್ಕೋತಾನೆ. ಒಂದೊಂದ್ಸಲ ಏರುತ್ತೆ. ಒಂದೊಂದ್ಸಲ ಮೊದಲಿನದೂ ಬರಲ್ಲ. ಅಷ್ಟೊತ್ತಿಗೆ ಗೂಡು ಒಣಗಿ ತೂಕ ಬೇರೆ ಇಳಿದಿರುತ್ತೆ."

"ಹಾಗಾದ್ರೆ ಹಾಕೋದೋ ಬೇಡ್ವೋ?"

"ಗೂಡು ನೋಡಿದ್ರೆ ಹೇಳ್ತಿದ್ದೆ. ಕೆಮಿಸ್ಟ್ರಿ ಪೇಪರ್ ನಾನೆಲ್ಲಿ ನೋಡಿದ್ದೀನಿ?"

ನಾನೂ ಮೌಲ್ಯಮಾಪನಕ್ಕೆ ಹೋಗುವವನೇ. ಊಟಕ್ಕೆ ಮುಂಚೆ ಕೈಗೆ ಬಂದ ಪೇಪರಿಗೂ ಊಟವಾದ ಮೇಲಿನ ಪೇಪರಿಗೂ ಎರಡು ಮಾರ್ಕ್ಸಿನ ವ್ಯತ್ಯಾಸ ನಾನೇ ಮಾಡಿರಬಹುದು. ಅದು ನೆನಪಾಗಿ, ಏರಲೂಬಹುದು ಎಂಬ ಧೈರ್ಯ ಬಂತು. ಇಳಿಯಲೂಬಹುದು ಎಂಬ ಭಯ ಅದಕ್ಕಿಂತ ಹೆಚ್ಚಾಯಿತು. ರೀವ್ಯಾಲ್ಯುಯೇಷನ್ ಫಾರಂ ಎರಡು ದಿನ ಜೇಬಿನಲ್ಲೇ ಇದ್ದು ಮುದ್ದೆಯಾಯಿತು.

ಗುರುವಾರ ಮತ್ತೆ ಹೋದೆವು. ಬಾಗಿಲಲ್ಲಿ ವರ ನನ್ನ ಕೈಯಿಂದ ಫೈಲು ತೆಗೆದುಕೊಂಡು, "ನೀನು ಇಲ್ಲೇ ಕೂತ್ಕೋಪ್ಪ" ಅಂದಳು. ದನಿ ಗಟ್ಟಿಯಾಗಿತ್ತು. ಬೆಂಚಿನ ಮೇಲೆ ಕೂತೆ. ಐದು ನಿಮಿಷವಲ್ಲ, ಹತ್ತಲ್ಲ. ಪೂರಾ ನಲವತ್ತು ನಿಮಿಷ!

ಹೊರಗೆ ಬಂದವಳನ್ನು ಹಿಡಿದು ನಿಲ್ಲಿಸಿ ಕೇಳಿದೆ. "ಮಾರ್ಕ್ಸಿಗೆ ಏನಂದ್ರು?"

"ಅರವತ್ತು ಕಡ್ಡಾಯ ಅಲ್ವಂತೆ. ಐವತ್ತೆಂಟು ಲಿಸ್ಟಲ್ಲಿ ಎಲ್ಲಿ ಬರುತ್ತೋ ಅಲ್ಲಿ ಬರುತ್ತೆ, ನಾನೇನೂ ಮಾಡಕ್ಕಾಗಲ್ಲ ಅಂದ್ರು. ಷರಾ ಅರ್ಜಿ ಮೇಲೇ ಬರ್ಕೊಳ್ಳಿ ಅಂತ ಆಫೀಸಿಗೆ ಚೀಟಿ ಕೊಟ್ರು."

"ಮತ್ತೆ ಇಷ್ಟೊತ್ತು ಏನು ಮಾಡಿದ್ರಿ?"

"ಯಾಕೆ ಈ ಸಬ್ಜೆಕ್ಟು ಅಂತ ಮತ್ತೆ ಕೇಳಿದ್ರು. ಹೇಳ್ದೆ."

ಏನು ಹೇಳಿದೆ ಎಂದು ಬಸ್ಸಿನಲ್ಲಿ ಕೇಳಿದೆ. ಹೇಳಿದಳು. ಅವಳು ಆರನೇ ಕ್ಲಾಸಿನಲ್ಲಿದ್ದಾಗ, ಅಂಬಾಜಿದುರ್ಗದ ಹತ್ತಿರದ ಅಜ್ಜಿಯ ಊರಿನಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳಗಳೆಲ್ಲ ಎರಡೇ ದಿನದಲ್ಲಿ ಸಪ್ಪೆ ರೋಗ ಬಂದು ಸತ್ತವು. ಮನೆಮಂದಿಯೆಲ್ಲ ತಟ್ಟೆ ತಟ್ಟೆಯೇ ಹೊತ್ತು ಗುಂಡಿಗೆ ಸುರಿದೆವು. ಅಜ್ಜಿ ಬೆಳಿಗ್ಗೆ ತಾನು ಸರಿಯಾಗಿ ಕೈ ತೊಳೆಯಲಿಲ್ಲವೇನೋ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದರು. ಕಣ್ಣಿಗೆ ಕಾಣದ ಆ ವಸ್ತು ಎಲ್ಲಿಂದ ಬಂತು, ಹೇಗಿರುತ್ತದೆ, ಒಂದು ಸಲ ನೋಡಬೇಕು ಎಂದು ಇವಳು ಅವತ್ತೇ ಅಂದುಕೊಂಡಳಂತೆ.

"ನಿನ್ನನ್ನೂ ಕೇಳಿದ್ದೆ ಕಣಪ್ಪ. ಸತ್ತ ಹುಳ ಕೈಯಲ್ಲಿ ಹಿಡ್ಕೊಂಡು ಬಂದು, ಇದಕ್ಕೇನಾಯ್ತು ಅಂತ."

"ನಾನೇನಂದೆ?"

"ಕೈ ತೊಳ್ಕೊಂಡು ಓದ್ಕೋ ಹೋಗು, ನಾಳೆ ಪರೀಕ್ಷೆ ಇದೆ ಅಂದೆ."

ಇಷ್ಟು ದಿನ ನಾನು ತಿಳಿದುಕೊಂಡಿದ್ದೇ ಬೇರೆ. ಸೀಟು ಕಡಿಮೆ, ಗಿರಾಕಿ ಜಾಸ್ತಿ, ಅದಕ್ಕೇ ಇವಳಿಗೂ ಅದೇ ಬೇಕು ಎಂದುಕೊಂಡಿದ್ದೆ. ಲಿಸ್ಟು ಇನ್ನೂ ಹಾಕಿಲ್ಲ. ಮೂರು ಸೀಟಿನಲ್ಲಿ ಒಂದು ನಮ್ಮದಾಗುತ್ತದೋ ಇಲ್ಲವೋ, ರೀವ್ಯಾಲ್ಯುಯೇಷನ್ ಫಾರಂ ಹಾಕಬೇಕೋ ಬೇಡವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಒಂದನೇ ಕ್ಲಾಸಿನಿಂದ ಅವಳ ಒಂದೊಂದು ಮಾರ್ಕ್ಸೂ ಬಾಯಿಪಾಠ ಇರುವ ನನಗೆ, ಅವಳು ಕೇಳಿದ ಆ ಒಂದು ಪ್ರಶ್ನೆ ಯಾಕೆ ನೆನಪಿರಲಿಲ್ಲ?