ಲಕ್ಷ್ಮಿದೇವಿ ನಮ್ಮ ಮನೆಯಲ್ಲಿ ಕೂತ ದಿನ

ಲಕ್ಷ್ಮಿದೇವಿಯವರ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಆದರೆ ಮೊದಲು ನಾವು ಮಾಡಿದ ತಪ್ಪು ಹೇಳಬೇಕು. ಅದಿಲ್ಲದಿದ್ದರೆ ಅವರು ನಮ್ಮ ಹೊಸಿಲು ದಾಟುತ್ತಿರಲಿಲ್ಲ.

ನನ್ನ ಮಗಳು ಶಿವಾನಿಗೆ ಒಂಬತ್ತು ವರ್ಷ. ಹುಟ್ಟಿದಾಗ ಅಳು ತಡವಾಯಿತು, ಮೆದುಳಿಗೆ ಪೆಟ್ಟಾಯಿತು. ಸೆರೆಬ್ರಲ್ ಪಾಲ್ಸಿ ಎಂದು ಡಾಕ್ಟರು ಹೆಸರಿಟ್ಟರು. ಕೈಕಾಲು ಅವಳ ಮಾತು ಕೇಳುವುದಿಲ್ಲ. ಬೆನ್ನಿಗೆ ಆಸರೆ ಕೊಟ್ಟರೆ ಹತ್ತು ನಿಮಿಷ ಕತ್ತು ನಿಲ್ಲುತ್ತದೆ, ಆಮೇಲೆ ವಾಲುತ್ತದೆ. ಮಾತು ಬರುತ್ತದೆ, ಒಂದೊಂದೇ ಪದ, ಎಳೆದು ಎಳೆದು. ಬುದ್ಧಿ ಮಾತ್ರ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚುರುಕು.

ಅಂಗವಿಕಲತೆಯ ಕಾರ್ಡಿಗೆಂದು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ನನ್ನ ಹೆಂಡತಿ ರಮ್ಯಶ್ರೀ ಮಗಳಿಗೆ ಹೊಸ ಲಂಗ ಹಾಕಿದಳು, ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಳು. ಒಂದು ವಾರ ಮುಂಚಿನಿಂದಲೇ ನೆಟ್ಟಗೆ ಕೂರುವುದನ್ನು ಕಲಿಸಿದ್ದಳು. ನಮ್ಮವ್ವ ಪುಟ್ಟಮಲ್ಲಮ್ಮ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, ಹೊರಗಿನವರ ಮುಂದೆ ಕೊರತೆ ಆಡಬೇಡಿ, ಆಡಿದ್ದು ಹಾಗೇ ನಿಂತುಬಿಡುತ್ತದೆ ಎಂದು ಹೇಳಿ ಕಳಿಸಿದಳು. ನಮ್ಮ ಕಡೆ ಎಲ್ಲರೂ ಹೀಗೆಯೇ. ಮಗು ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುವುದು.

ಡಾಕ್ಟರ ಎದುರು ಶಿವಾನಿ ನೆಟ್ಟಗೆ ಕೂತಳು. ರಮ್ಯಶ್ರೀ ಸೆರಗಿನ ಒಳಗಿನಿಂದ ಕೈ ಹಾಕಿ ಮಗಳ ಬೆನ್ನಿಗೆ ಆಸರೆ ಕೊಟ್ಟಿದ್ದಳು. ತಾನೇ ಕೂರುತ್ತಾಳಾ, ಊಟ ತಾನೇ ಮಾಡುತ್ತಾಳಾ ಎಂದು ಅವರು ಕೇಳಿದರು. ಎಲ್ಲ ಮಾಡುತ್ತಾಳೆ ಸಾರ್ ಎಂದಳು ರಮ್ಯಶ್ರೀ. ನಾನೂ ತಲೆ ಆಡಿಸಿದೆ. ಹೊರಗೆ ನೂರು ಜನ ಕ್ಯೂ ನಿಂತಿದ್ದರು. ಕಾರ್ಡಿನಲ್ಲಿ ಮೂವತ್ತನಾಲ್ಕು ಪರ್ಸೆಂಟು ಎಂದು ಬಂತು. ಕಡಿಮೆ ಬಂದಿದೆ ಎಂದು ನಾವು ಖುಷಿಪಟ್ಟೆವು. ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಪಾಕು ಕೊಂಡೆ. ಅಷ್ಟು ದಡ್ಡರು.

ಆ ಸಂಖ್ಯೆ ಏನೆಂದು ಗೊತ್ತಾಗಿದ್ದು ಹುಣಸೂರಿನಲ್ಲಿ. ಅಲ್ಲಿ ಇಂಥ ಮಕ್ಕಳಿಗೆ ವ್ಯಾಯಾಮವನ್ನೂ ಪಾಠವನ್ನೂ ಹೇಳಿಕೊಡುವ ಕೇಂದ್ರ ಇದೆ. ನಮ್ಮೂರ ಮೇಲೆ ಹಾದು ಬೆಟ್ಟದಪುರದವರೆಗೆ ಅವರ ವ್ಯಾನು ಬರುತ್ತದೆ. ಶಿವಾನಿಯ ತೊಡೆಯ ಮೂಳೆ ಸೊಂಟದ ಕೀಲಿನಿಂದ ಜಾರುತ್ತಿದೆ, ದಿನಾ ವ್ಯಾಯಾಮ ಮಾಡಿಸದಿದ್ದರೆ ಮುಂದೆ ಕೂರುವುದಕ್ಕೂ ಆಗುವುದಿಲ್ಲ ಎಂದು ಅಲ್ಲಿನ ಮೇಡಂ ಹೇಳಿದರು. ಆಮೇಲೆ ಕಾರ್ಡು ನೋಡಿದರು. ನಲವತ್ತಕ್ಕಿಂತ ಕಡಿಮೆ ಇದ್ದರೆ ತೆಗೆದುಕೊಳ್ಳಲು ನಿಯಮ ಇಲ್ಲ ಎಂದರು. ನಾನು ಕೂಗಾಡಿದೆ. ಕುರ್ಚಿ ಎತ್ತಿ ಎಸೆಯುವುದೊಂದು ಬಾಕಿ. ಆ ಹೆಣ್ಣುಮಗಳು ನನ್ನ ಕೂಗು ಮುಗಿಯುವ ತನಕ ಕಾದು, ಪಿರಿಯಾಪಟ್ಟಣದ ಕೋರ್ಟಿನಲ್ಲಿ ಉಚಿತ ಕಾನೂನು ನೆರವಿನ ಕೋಣೆ ಇದೆ, ಅಲ್ಲಿ ಲಕ್ಷ್ಮಿದೇವಿಯನ್ನು ಕೇಳಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಕೋಣೆಗೆ ಹೋದರೆ ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡು ಕೂತಿದ್ದವರು ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಯಲ್ಲಿ ಕೆಲಸ ಮಾಡಿದ್ದ ರಾವಂದೂರಿನ ಲಕ್ಷ್ಮಿ. ನನಗಿಂತ ಎರಡು ವರ್ಷ ದೊಡ್ಡವರು. ಆದರೂ ಹಳೇ ಅಭ್ಯಾಸ, ನಾಲಗೆ ನೀನು ಎಂದೇ ಹೊರಳಿತು.

"ನೀನಾ ಲಕ್ಷ್ಮಿ? ನೀನೇನ್ ಮಾಡ್ತಿದ್ದೀಯ ಇಲ್ಲಿ?"

"ನಿಮ್ಮಂಥೋರು ಬತ್ತಾರೆ ಅಂತ ಕೂತಿದ್ದೀನಿ ವಿರೂಪಾಕ್ಷಣ್ಣ. ಕೂತ್ಕಳಿ."

ಅವರ ಕಥೆ ನನಗೆ ಅರ್ಧ ಗೊತ್ತಿತ್ತು, ಇನ್ನರ್ಧ ಆಮೇಲೆ ತಿಳಿಯಿತು. ಅಪ್ಪ ಅವ್ವ ಕೂಲಿಗೆ ಹೋಗುತ್ತಿದ್ದರು. ತಮ್ಮ ಸ್ವಾಮಿಗೂ ಶಿವಾನಿಯ ಕಾಯಿಲೆಯೇ. ಏಳನೇ ಕ್ಲಾಸಿನ ತನಕ ಲಕ್ಷ್ಮಿದೇವಿ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆಗೆ ಹೋದರು. ಅವನು ಭಾರವಾದ ವರ್ಷ ಇಬ್ಬರ ಓದೂ ನಿಂತಿತು. ಆಮೇಲೆ ಇಪ್ಪತ್ತು ವರ್ಷ ಬ್ಯಾರನ್ ಕೆಲಸ. ಸೊಪ್ಪು ಬೇಯುವಾಗ ಗಂಟೆಗೊಂದು ಸಲ ಒಳಗಿನ ಕಾವು ನೋಡಿ ಪುಸ್ತಕದಲ್ಲಿ ಬರೆಯಬೇಕು. ಒಂದು ಗಂಟೆ ತಪ್ಪಿದರೂ ಸೊಪ್ಪಿನ ಬಣ್ಣ ಕೆಡುತ್ತದೆ. ಬರೆಯಲು ಬರುತ್ತಿದ್ದ ಕೂಲಿಯವರು ಅವರೊಬ್ಬರೇ. ತಮ್ಮನ ಕಾರ್ಡಿಗಾಗಿ ಅಲೆದು ಅಲೆದು ಕೋರ್ಟಿನ ಬಾಗಿಲಿಗೆ ಬಂದರು. ಅಲ್ಲೇ ತರಬೇತಿ ಪಡೆದು ಕಾನೂನು ಸ್ವಯಂಸೇವಕಿ ಆದರು. ಆರು ವರ್ಷದಿಂದ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಬಸ್ಸಿನಲ್ಲಿ ತಿರುಗುತ್ತಿದ್ದಾರೆ. ಇಂಥ ಮಕ್ಕಳಿರುವ ಮನೆ ಯಾವ ಹಟ್ಟಿಯಲ್ಲಿದ್ದರೂ ಅವರಿಗೆ ದಾರಿ ಗೊತ್ತು.

ಅವತ್ತು ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ನನ್ನಿಂದ ಕೇಳಿಕೊಂಡು, ಮೇಲ್ಮನವಿ ಹಾಕಲು ಗಡುವು ಇದೆ, ಅದರಲ್ಲಿ ಉಳಿದಿರುವುದು ಮೂರೇ ವಾರ ಎಂದರು. ಅರ್ಜಿಯನ್ನು ವಕೀಲರು ಚನ್ನಬಸವಣ್ಣನವರು ಬರೆಯುತ್ತಾರೆ, ಆದರೆ ಅದರ ಜೊತೆ ಇಡಲು ತಾನೊಂದು ದಿನ ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆ ತನಕ ಕೂರಬೇಕು ಎಂದರು. ಕೂತು ಏನು ಮಾಡುತ್ತೀಯ ಎಂದು ರೇಗಿದೆ. ಡಾಕ್ಟರ ಕಾಲಿಗಾದರೂ ಬಿದ್ದು ಕೇಳಿಕೊಳ್ಳುತ್ತೇನೆ, ಇದೆಲ್ಲ ಬೇಡ ಎಂದೆ.

"ಕಾಲಿಗೆ ಬೀಳಾಕೆ ಇದು ಭಿಕ್ಷೆ ಅಲ್ಲ ಕಣಣ್ಣ. ಕಾನೂನಲ್ಲಿ ಬರ್ದವ್ರೆ, ನಿಮ್ ಮಗೀಗೆ ಸೇರ್ಬೇಕಾದ್ದು. ಇಲ್ಲಾ ಅಂದಿರೋದು ಡಾಕ್ಟ್ರಲ್ಲ, ನೀವು."

ನನಗೆ ಅಷ್ಟು ನೆಟ್ಟಗೆ ಹೇಳಿದವರು ಯಾರೂ ಇರಲಿಲ್ಲ. ಗುರುವಾರ ಬಾ ಎಂದು ಹೇಳಿ ಬಂದೆ.

ಗುರುವಾರ ಇನ್ನೂ ಕತ್ತಲಿರುವಾಗಲೇ ಲಕ್ಷ್ಮಿದೇವಿ ಮೊದಲ ಬಸ್ಸಿಗೆ ಬಂದರು. ಅಡುಗೆಮನೆಯೂ ನಡುಮನೆಯೂ ಕಾಣುವ ಹಾಗೆ ಗೋಡೆಗೆ ಒರಗಿ ಕೂತು, ಮೊಣಕಾಲ ಮೇಲೆ ನೋಟ್ ಪುಸ್ತಕ ಇಟ್ಟುಕೊಂಡರು, ಪಕ್ಕದಲ್ಲಿ ಕೈಗಡಿಯಾರ ಬಿಚ್ಚಿಟ್ಟರು. ಮಾತಿಲ್ಲ. ಮನೆಗೆಲಸಕ್ಕೆ ಕೈ ಜೋಡಿಸುವುದೂ ಇಲ್ಲ. ನಮ್ಮವ್ವನಿಗೆ ಇದು ಹಿಡಿಸಲಿಲ್ಲ. ಕೂತು ತಿನ್ನುವ ಕೆಲಸಕ್ಕೆ ಸರ್ಕಾರದವರು ಕಾರ್ಡು ಬೇರೆ ಕೊಟ್ಟಿದ್ದಾರೆ ಎಂದು ಒಲೆಯ ಮುಂದಿನಿಂದಲೇ ಚುಚ್ಚಿದಳು. ಲಕ್ಷ್ಮಿದೇವಿ ನಕ್ಕು, ಇವತ್ತೊಂದಿನ ನಾನು ಗೋಡೆ ಎಂದುಕೊಳ್ಳಿ ಅವ್ವ ಎಂದು ಮತ್ತೆ ಬರೆಯತೊಡಗಿದರು. ನಾನು ಹೊಲಕ್ಕೆ ಹೋದೆ. ನಡುವೆ ಎರಡು ಸಲ ಬಂದು ನೋಡಿದಾಗಲೂ ಅವರು ಅಲ್ಲೇ ಇದ್ದರು. ಮಧ್ಯಾಹ್ನದ ಊಟಕ್ಕೆ ಕರೆದರೂ ಏಳಲಿಲ್ಲ. ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡರು, ಕಣ್ಣು ಮಗುವಿನ ಮೇಲೇ ಇತ್ತು.

ಐದೂವರೆಗೆ ಪುಸ್ತಕ ಮುಚ್ಚಿ ಎಲ್ಲರನ್ನೂ ಕೂರಿಸಿದರು. ಇದು ಶಿವಾನಿಯ ದಿನ, ಅವಳಿಗೆ ಕೇಳಿಸದೆ ಎಲ್ಲಿಗೂ ಕೊಡುವುದಿಲ್ಲ ಎಂದು ಮಗುವಿನ ಮುಂದೆಯೇ ಓದತೊಡಗಿದರು.

ಐದು ಐವತ್ತು: ತಾಯಿ ಎತ್ತಿ ಬಚ್ಚಲಿಗೆ ಒಯ್ದರು. ಆರು ಹದಿನೈದು: ಬಿಗಿದ ಕಾಲುಗಳನ್ನು ಉಜ್ಜಿ ಬಿಡಿಸಿದರು, ಮಗು ನೋವಿಗೆ ತುಟಿ ಕಚ್ಚಿತು, ಅಳಲಿಲ್ಲ. ಏಳು ಹತ್ತರಿಂದ ಎಂಟು ಐದು: ಒಂದು ಇಡ್ಲಿ. ಎರಡು ಸಲ ನೆತ್ತಿಗೆ ಹತ್ತಿತು. ಎಂಟು ನಲವತ್ತು: ಕರು ಕೂಗಿತು, ಮಗು ಅದನ್ನು ಹೆಸರು ಹಿಡಿದು ಕರೆಯಿತು, ಮೂರನೆಯ ಸಲ ಪದ ಸರಿಯಾಗಿ ಬಂತು. ಒಂಬತ್ತು ಇಪ್ಪತ್ತು: ತಂದೆ ಬಂದರು, ಕೆನ್ನೆ ತಟ್ಟಿದರು, ಹೋದರು.

ಹೀಗೆ ಹನ್ನೊಂದು ಪುಟ. ಒಂದು ಕಡೆಯೂ ಪಾಪ ಎಂಬ ಮಾತಿಲ್ಲ. ಬೆಳಗಿನಿಂದ ರಮ್ಯಶ್ರೀ ಮಗಳನ್ನು ಎತ್ತಿ ಇಳಿಸಿದ್ದು ಮೂವತ್ತೆಂಟು ಸಲ. ಒಂಬತ್ತು ವರ್ಷದಿಂದ ನಾನು ಅದೇ ಸೂರಿನ ಕೆಳಗೆ ಉಂಡು ಮಲಗಿದವನು. ನನ್ನ ಮನೆಯಲ್ಲಿ ಏನು ನಡೆಯುತ್ತದೆ ಎಂದು ಅವತ್ತು ಗೊತ್ತಾಯಿತು. ಬೆಟ್ಟದ ಬುಡದಲ್ಲಿ ನಿಂತು ತುದಿಯ ಕಡೆ ಕತ್ತೆತ್ತಿದ ಹಾಗೆ ನನ್ನ ಹೆಂಡತಿಯ ಕಡೆ ನೋಡಿದೆ.

ಅವಳು ಮಾತ್ರ ಮುಖ ತಿರುಗಿಸಿಕೊಂಡು ಅಳುತ್ತಿದ್ದಳು. ಇದನ್ನು ಕೊಡಬೇಡಿ, ನಾನು ಸಹಿ ಹಾಕುವುದಿಲ್ಲ ಎಂದಳು. ನನ್ನ ಮಗಳಿಗೆ ಏನೂ ಬರುವುದಿಲ್ಲ ಎಂದು ನನ್ನ ಕೈಯಲ್ಲೇ ಬರೆದುಕೊಟ್ಟ ಹಾಗಾಗುತ್ತದೆ, ಆಡಿದ್ದು ನಿಂತುಬಿಟ್ಟರೆ ಏನು ಮಾಡಲಿ ಎಂದಳು. ನಮ್ಮವ್ವ ಅವಳ ಕಡೆಗೇ ಸೇರಿದಳು. ಸಹಿ ಇಲ್ಲದೆ ಅರ್ಜಿ ಇಲ್ಲ. ನಾನು ಬಾಯಿ ತೆರೆದೆ. ಲಕ್ಷ್ಮಿದೇವಿ ಕಣ್ಣಿನಲ್ಲೇ ತಡೆದು, ಶಿವಾನಿಯ ಕಡೆ ತಿರುಗಿದರು. ಬರೆದದ್ದರಲ್ಲಿ ತಪ್ಪೇನಾದರೂ ಇದೆಯಾ ಎಂದು ದೊಡ್ಡವರನ್ನು ಕೇಳುವ ಹಾಗೆ ಕೇಳಿದರು.

ಶಿವಾನಿ ಬಹಳ ಹೊತ್ತು ಪದ ಕೂಡಿಸಿಕೊಂಡಳು.

"ಲೋಟ... ಬಿದ್ದಿಲ್ಲ."

ಅವರು ಪುಟ ತಿರುವಿದರು. ಹನ್ನೊಂದು ನಲವತ್ತು, ಕೈ ಅದುರಿ ನೀರಿನ ಲೋಟ ಬಿತ್ತು ಎಂದು ಬರೆದಿತ್ತು.

"ಬೀಳ್ನಿಲ್ವಾ ಕೂಸೇ? ಮತ್ತೆ?"

"ತಳ್ದೆ."

"ಬಾಯಾರಿರ್ನಿಲ್ವಾ?"

"ಬಾಯಾರಿತ್ತು. ನೀರ್ ಕುಡುದ್ರೆ... ಅವ್ವ ಬಚ್ಲುಗೆ... ಎತ್ಬೇಕು. ಅವ್ವುಂಗೆ ಸೊಂಟ... ನೋಯ್ತದೆ."

ಎಷ್ಟು ದಿನದಿಂದ ತಳ್ಳುತ್ತಿದ್ದಳೋ. ಕೈ ಅದುರುತ್ತದೆ, ಪಾಪ, ಎಂದು ನಾವೇ ನೆಲ ಒರೆಸಿಕೊಂಡಿದ್ದೆವು. ಅವಳು ತಾಯಿಯ ಸೊಂಟ ಕಾಯುತ್ತಿದ್ದಳು.

ಲಕ್ಷ್ಮಿದೇವಿ ಬಿತ್ತು ಎಂಬುದನ್ನು ಹೊಡೆದು ತಳ್ಳಿದಳು ಎಂದು ತಿದ್ದಿದರು. ಕಾರಣವನ್ನೂ ಬರೆಯಲಾ ಎಂದು ಕೇಳಿದರು. ಶಿವಾನಿ ಬರಿ ಎಂದಳು. ಬರೆದ ಮೇಲೆ ಅವಳಿಗೇ ಪುಟ ತೋರಿಸಿದರು. ರಮ್ಯಶ್ರೀ ಎದ್ದು ಬಂದು ಪೆನ್ನು ಕೇಳಿದಳು. ನಮ್ಮವ್ವ ಒಂದು ಲೋಟ ನೀರು ತಂದು ಮೊಮ್ಮಗಳ ಹತ್ತಿರ ಕೂತಳು. ಅವತ್ತು ಬಸ್ ಸ್ಟಾಪಿನ ತನಕ ಲಕ್ಷ್ಮಿದೇವಿಯವರ ಚೀಲ ನಾನು ಹಿಡಿದುಕೊಂಡು ಹೋದೆ. ಬಸ್ಸು ಬಂದಾಗ, ಹುಷಾರಾಗಿ ಹೋಗಿ ಬನ್ನಿ ಎಂದೆ. ಅವತ್ತಿನಿಂದ ನೀನು ಎಂದಿಲ್ಲ.

ಮೂರು ವಾರ ಮುಗಿಯುವ ಮೊದಲೇ ಚನ್ನಬಸವಣ್ಣನವರು ಅರ್ಜಿ ಹಾಕಿದರು. ತಿಂಗಳ ಮೇಲೆ ಬೇರೆ ಡಾಕ್ಟರ ಮುಂದೆ ಬನ್ನಿ ಎಂದು ಕಾಗದ ಬಂತು. ಲಕ್ಷ್ಮಿದೇವಿಯವರು ಫೋನಿನಲ್ಲಿ ಹೇಳಿದ್ದು ಎರಡೇ: ಮನೆಯಲ್ಲಿರುವ ಬಟ್ಟೆಯಲ್ಲೇ ಕರೆದುಕೊಂಡು ಹೋಗಿ, ಇದ್ದದ್ದನ್ನು ಹೆಚ್ಚು ಮಾಡಿಯೂ ಹೇಳಬೇಡಿ, ಕಡಿಮೆ ಮಾಡಿಯೂ ಹೇಳಬೇಡಿ.

ಈ ಸಲ ವಯಸ್ಸಾದ ಲೇಡಿ ಡಾಕ್ಟರು ಇದ್ದರು. ಹನ್ನೊಂದು ಪುಟವನ್ನೂ ಓದಿಯೇ ಕೂತಿದ್ದರು. ಆದರೆ ಓದಿದ್ದರ ಮೇಲೆ ಪರ್ಸೆಂಟು ಕೊಡುವುದಿಲ್ಲ, ನೋಡಿ ಕೊಡುತ್ತೇನೆ ಎಂದರು. ಕೈಕಾಲು ಬಗ್ಗಿಸಿ ನೋಡಿದರು, ಸೊಂಟದ ಎಕ್ಸರೇ ನೋಡಿದರು. ಆಮೇಲೆ ಹಿಂದಿನವರು ಕೇಳಿದ್ದನ್ನೇ ಕೇಳಿದರು: ತಾನೇ ಕೂರುತ್ತಾಳಾ?

ರಮ್ಯಶ್ರೀಯ ಕೈ ಸೆರಗಿನ ಒಳಗೇ ಇತ್ತು. ಅಭ್ಯಾಸ. ಅವಳು ನನ್ನ ಮುಖ ನೋಡಲಿಲ್ಲ, ಮಗಳ ಮುಖ ನೋಡಿದಳು. ಶಿವಾನಿ ರೆಪ್ಪೆ ಬಡಿದಳು. ರಮ್ಯಶ್ರೀ ನಿಧಾನವಾಗಿ ಕೈ ಹಿಂದಕ್ಕೆ ತೆಗೆದಳು.

ಶಿವಾನಿ ಒಂದು ಕ್ಷಣ ನೆಟ್ಟಗೇ ಕೂತಿದ್ದಳು. ಆಮೇಲೆ ಕತ್ತು ವಾಲಿತು, ಭುಜ ವಾಲಿತು, ಇಡೀ ಮೈ ಪಕ್ಕಕ್ಕೆ ಬಾಗುತ್ತಾ ಹೋಯಿತು. ನಾನು ಎದ್ದೆ. ಅಷ್ಟರಲ್ಲಿ ಡಾಕ್ಟರೇ ಎರಡೂ ಕೈ ಕೊಟ್ಟು ಹಿಡಿದುಕೊಂಡರು.

"ಇಷ್ಟೇ ಮೇಡಂ ಅವಳಿಗೆ ಆಗೋದು," ಎಂದಳು ನನ್ನ ಹೆಂಡತಿ. "ಒಂದು ಇಡ್ಲಿಗೆ ಐವತ್ತೈದು ನಿಮಿಷ ಬೇಕು. ಆದ್ರೆ ಎಲ್ಲಾ ಅರ್ಥ ಆಯ್ತದೆ ಅವಳಿಗೆ. ಅದನ್ನೂ ಬರ್ಕಳಿ."

ಯುದ್ಧ ಗೆದ್ದವರ ಬಗ್ಗೆ ಜನ ಏನೇನೋ ಹೇಳುತ್ತಾರೆ. ಮಗಳ ಬೆನ್ನಿನಿಂದ ತಾಯಿ ಕೈ ತೆಗೆದದ್ದನ್ನು ನಾನು ನೋಡಿದ್ದೇನೆ. ನನಗೆ ಅಷ್ಟು ಸಾಕು.

ಹೊಸ ಕಾರ್ಡಿನಲ್ಲಿ ಎಪ್ಪತ್ತೆಂಟು ಎಂದು ಬಂತು. ಈ ಸಲ ಯಾರೂ ಖುಷಿಪಡಲಿಲ್ಲ, ಯಾರೂ ಅಳಲೂ ಇಲ್ಲ. ಸರಿಯಾಗಿದೆ ಎಂದಳು ರಮ್ಯಶ್ರೀ, ಅಷ್ಟೇ. ಹುಣಸೂರಿನ ಮೇಡಂ ಮುಂದಿನ ಸೋಮವಾರವೇ ವ್ಯಾನು ಕಳಿಸುತ್ತೇನೆ ಎಂದರು. ನಾನು ಕೂಗಾಡಿದ್ದನ್ನು ಎತ್ತಲೂ ಇಲ್ಲ.

ಲಕ್ಷ್ಮಿದೇವಿಯವರಿಗೆ ಫೋನು ಮಾಡಿದೆ. ಹೇಗೆ ಋಣ ತೀರಿಸಲಿ ಎಂದು ಶುರು ಮಾಡಿದರೆ ಮಾತನ್ನು ಮಧ್ಯದಲ್ಲೇ ತಡೆದರು. ವ್ಯಾನಿನಲ್ಲಿ ಕತ್ತು ಹಿಡಿದುಕೊಳ್ಳಲು ಆಯಾ ಇದ್ದಾರಾ, ಸೀಟಿಗೆ ಬೆಲ್ಟು ಇದೆಯಾ, ಅದನ್ನು ಮೊದಲು ಹೇಳಿ ಎಂದರು. ಎರಡೂ ಇದೆ ಎಂದೆ. ಹಿಂದುಗಡೆ ಬಸ್ಸಿನ ಸದ್ದು, ಕಂಡಕ್ಟರು ಕೆ.ಆರ್. ನಗರ ಎಂದು ಕೂಗುತ್ತಿದ್ದ. ಸ್ವಾಮಿ ಹೇಗಿದ್ದಾನೆ ಎಂದು ಕೇಳುವಷ್ಟರಲ್ಲಿ ಲೈನು ಹೋಯಿತು.

ಸೋಮವಾರ ಎಂಟೂವರೆಗೆ ವ್ಯಾನು ಬಂತು, ಶಿವಾನಿಯನ್ನು ಹತ್ತಿಸಿದೆವು. ಬಸವನ ಗುಡಿಯ ತಿರುವು ದಾಟುವ ತನಕ ರಮ್ಯಶ್ರೀ ರಸ್ತೆಯಲ್ಲೇ ನಿಂತಿದ್ದಳು. ಒಳಗೆ ಬಂದು ಪಾತ್ರೆ ಎತ್ತಿಕೊಂಡಳು, ಇಟ್ಟಳು. ಕಸಬರಿಕೆ ಹಿಡಿದಳು, ಅದನ್ನೂ ಇಟ್ಟಳು. ಕೈಗೆ ಏನು ಕೊಡಬೇಕೆಂದೇ ಅವಳಿಗೆ ತೋಚುತ್ತಿರಲಿಲ್ಲ. ಜಗಲಿಯ ಬಿಸಿಲಿನಲ್ಲಿ ಒಂದು ಗಳಿಗೆ ಕೂರುತ್ತೇನೆ ಎಂದು ಕೂತವಳು ಹಾಗೇ ಕಂಬಕ್ಕೆ ತಲೆ ಆನಿಸಿ ನಿದ್ದೆ ಹೋದಳು. ಒಂಬತ್ತು ವರ್ಷದಲ್ಲಿ ಅವಳು ಹಗಲು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದ ಹೊಲದ ಕಾಂತರಾಜ್ ಟ್ರ್ಯಾಕ್ಟರ್ ತಂದು ಬಾಗಿಲಲ್ಲಿ ನಿಲ್ಲಿಸಿ ನನ್ನ ಹೆಸರು ಹಿಡಿದು ಕೂಗಲು ಹೊರಟ. ಓಡಿಹೋಗಿ ಕೈ ಮುಗಿದು, ಎಂಜಿನ್ ಆಫ್ ಮಾಡಪ್ಪ ಎಂದೆ.