ನಾಯಿಯಿಲ್ಲದ ಡಾಗ್ ವಾಚ್

ಅಣ್ಣನಿಗೆ ಬಂದಿದ್ದ ಬ್ಯಾಟರಾಯನಪುರದ ಸಂಬಂಧ ನಾಯಿಯಿಂದ ತಪ್ಪಿಹೋಯಿತು ಅಂತ ನಮ್ಮ ನೆಂಟರೆಲ್ಲ ಹೇಳುತ್ತಾರೆ. ಹುಡುಗ ನೇವಿಯಲ್ಲಿ ಸಾಹೇಬರ ನಾಯಿ ಕಾಯುತ್ತಾನಂತೆ, ಅದು ಗೊತ್ತಾಗಿ ಹೆಣ್ಣಿನವರು ಬೇಡ ಅಂದರಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಆ ಹಡಗಿನಲ್ಲಿ ನಾಯಿಯೇ ಇರಲಿಲ್ಲ. ಈ ಕಥೆ ಹೇಳುವವರು ಯಾರೂ ಹೆಣ್ಣು ನೋಡಿದ ದಿನ ಅಲ್ಲಿರಲಿಲ್ಲ. ನಾನಿದ್ದೆ.

ಅಣ್ಣನ ಕೆಲಸ ಹಡಗಿನ ಇಂಜಿನ್ ರೂಮಿನಲ್ಲಿ. ಆ ಸಲ ರಜೆಗೆ ಯಲಹಂಕದ ಮನೆಗೆ ಬಂದವನು ವಿಚಿತ್ರವಾಗಿದ್ದ. ಬೆಳಗಿನ ಕಾಫಿ ಕುಡಿದು ಮಲಗಿಬಿಡುವನು. ಊಟಕ್ಕೆ ಎಬ್ಬಿಸಿದರೆ ಬೆಚ್ಚಿ ಎದ್ದು ಬೂಟು ಹುಡುಕುವನು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ರೇಗುವನು, ಆಮೇಲೆ ತಾನೇ ಹೋಗಿ ಎತ್ತಿಡುವನು. ಅಮ್ಮ ದೃಷ್ಟಿಯಾಗಿದೆ ಅಂತ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿಯಾಗಿಲ್ಲ ಅನ್ನೋದು ಅವಳದೇ ಶಾಸ್ತ್ರ. ಮನೆಮಂದಿಯೆಲ್ಲ ಕೆಮ್ಮಿದೆವು, ಅಮ್ಮ ಮಾತ್ರ ಒಪ್ಪಲಿಲ್ಲ. ಅಪ್ಪನ ತೀರ್ಪು ಬೇರೆ: "ಕುಡಿಯೋದು ಕಲ್ತಿದಾನೆ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಎರಡಕ್ಕೂ ಪುರಾವೆ ಸಾಲದು ಅನಿಸಿತು. ಅಣ್ಣನನ್ನೇ ಕೇಳಿದೆ.

"ಅಲ್ಲಿ ಪಾಳಿಗೆ ವಾಚ್ ಅಂತಾರೆ ಕಣೇ," ಅಂದ. "ನಾಲ್ಕು ನಾಲ್ಕು ಗಂಟೆಗೊಂದು. ಸಂಜೆಯದನ್ನ ಮಾತ್ರ ಎರಡು ತುಂಡು ಮಾಡ್ತಾರೆ. ಆ ತುಂಡಿಗೆ ಡಾಗ್ ವಾಚ್ ಅಂತ ಹೆಸರು."

"ತುಂಡು ಯಾಕೆ?"

"ಹಾಗೆ ಮಾಡಿದ್ರೆ ದಿನಕ್ಕೆ ಆರರ ಬದಲು ಏಳು ಪಾಳಿ ಆಗಿ, ಒಬ್ಬೊಬ್ಬನ ಹೊತ್ತು ದಿನಾ ಬದಲಾಗುತ್ತೆ. ನಡುರಾತ್ರಿ ಕೆಲಸ ಒಬ್ಬನ ತಲೆ ಮೇಲೇ ಬೀಳಲ್ಲ."

"ನ್ಯಾಯವಾಗೇ ಇದೆಯಲ್ಲ!"

"ನ್ಯಾಯಾನೇ. ನಿದ್ದೆಗೆ ಅದು ಗೊತ್ತಾಗ್ಬೇಕಲ್ಲ? ನಿನ್ನೆ ಮಲಗಿದ್ದ ಹೊತ್ತಿಗೆ ಇವತ್ತು ಕೆಲಸ. ಮಲಗೋಕೆ ಬಿಟ್ಟಾಗ ಕಣ್ಣು ಮುಚ್ಚಲ್ಲ, ಮುಚ್ಚಬಾರ್ದು ಅಂದಾಗ ತೆರೆಯಲ್ಲ. ಎಲ್ರಿಗೂ ಎಲ್ರ ಮೇಲೂ ಸಿಟ್ಟು. ಉಪ್ಪು ಕೊಡೋ ಅಂದ್ರೂ ಜಗಳ."

ಇಷ್ಟು ತಿಳಿದ ಮೇಲೆ ನಾವು ಹೆಣ್ಣು ನೋಡಲು ಹೊರಟೆವು. ಹುಡುಗಿಯ ಫೋಟೊ ಅಣ್ಣನಿಗೆ ಎಷ್ಟು ಹಿಡಿಸಿತ್ತೆಂದರೆ ಅದನ್ನು ಷರ್ಟಿನ ಜೇಬಿನಿಂದ ತೆಗೆದೇ ಇರಲಿಲ್ಲ. ಜಟಕಾದಲ್ಲಿ ದಾರಿಯುದ್ದಕ್ಕೂ ಅಪ್ಪನದು ಒಂದೇ ಮಾತು: "ಕಣ್ಣು ಬಿಟ್ಕೊಂಡಿರೋ, ಅಷ್ಟು ಸಾಕು."

ಹುಡುಗಿಗೆ ತಂದೆಯಿಲ್ಲ. ಮಾತುಕತೆಯೆಲ್ಲ ಸೋದರಮಾವನದು. ಕಾರ್ಖಾನೆಯಲ್ಲಿ ಕೆಲಸ, ತಮಾಷೆಯ ಮನುಷ್ಯ. "ಸಂಜೆ ಹೊತ್ತು ಹಡಗಲ್ಲಿ ಏನ್ ಮಾಡ್ತೀರಿ?" ಅಂತ ಕೇಳಿದರು.

"ಡಾಗ್ ವಾಚ್ ಇರುತ್ತೆ," ಅಂದ ಅಣ್ಣ.

"ಓಹೋ, ನಾಯಿ ಕಾಯೋಕೂ ಸರ್ಕಾರ ಸಂಬಳ ಕೊಡುತ್ತೆ ಅನ್ನಿ!"

ಎಲ್ಲರೂ ನಕ್ಕರು. ಬಾಗಿಲ ಹಿಂದಿದ್ದ ಹುಡುಗಿಯೂ ನಕ್ಕಳು, ಅಣ್ಣನೂ ನಕ್ಕ. ನೆಂಟರ ನಾಯಿ ಹುಟ್ಟಿದ್ದು ಇಲ್ಲಿ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಹುಡುಗಿ ಕೇಸರಿಬಾತಿನ ತಟ್ಟೆ ತಂದು ಅವನ ಮುಂದೆ ಹಿಡಿದಳು. ಅಣ್ಣನ ಗದ್ದ ಎದೆಗೆ ತಗುಲಿತ್ತು. ಅವಳು ಹಿಡಿದುಕೊಂಡೇ ನಿಂತಳು.

"ಬಿಸಿಲಿಗೆ ಬಳಲಿದಾನೆ," ಅಂದರು ಅಪ್ಪ. ದೀಪ ಹಚ್ಚುವ ಹೊತ್ತಿನಲ್ಲಿ ಎಲ್ಲಿಯ ಬಿಸಿಲು! ನಾನು ಬಾಯಿ ತೆರೆದೆ. ಅಮ್ಮ ತೊಡೆ ಚಿವುಟಿದಳು. ಚಿವುಟಿಸಿಕೊಂಡೇ ಪಾಳಿಯ ಲೆಕ್ಕವನ್ನೆಲ್ಲ ಹೇಳಿದೆ.

"ನಾನೂ ನೈಟ್ ಶಿಫ್ಟ್ ಮಾಡೋನೇ ಕಣಮ್ಮ," ಅಂದರು ಸೋದರಮಾವ. "ಯಾರ ಮನೇಲೂ ಹೀಗೆ ತೂಕಡಿಸಿಲ್ಲ."

"ನಿಮ್ಮ ಶಿಫ್ಟು ವಾರಕ್ಕೊಂದ್ಸಲ ಬದಲಾಗುತ್ತೆ, ಅಣ್ಣಂದು ದಿನಾ. ನೀವು ಮನೆಗೆ ಬಂದು ಮಲಗ್ತೀರಿ, ಅವನು ಮಲಗೋದೂ ಅದೇ ಇಂಜಿನ್ ಸದ್ದಿನಲ್ಲಿ. ತಿಂಗಳುಗಟ್ಟಲೆ ಹಾಗಿದ್ದವನ ನಿದ್ದೆ ರಜೆ ಸಿಕ್ಕ ತಕ್ಷಣ ನೆಟ್ಟಗಾಗುತ್ತಾ? ಇದು ಸೋಮಾರಿತನ ಅಲ್ಲ, ಕುಡಿತಾನೂ ಅಲ್ಲ. ಅವನು ಬೇಡ ಅಂದ್ರೂ ನಿದ್ದೆ ಬರುತ್ತೆ."

"ಲಾಯರಮ್ಮನ್ನ ಜೊತೇಲೇ ಕರ್ಕೊಂಡು ಬಂದಿದೀರಿ!" ಅಂತ ಅಪ್ಪನ ಕಡೆ ನೋಡಿದರು. ಆಮೇಲೆ ತಲೆದೂಗಿದರು. "ಸರಿ, ಒಪ್ಪಿದೆ. ತಪ್ಪು ಪಾಳಿಯದು, ಹುಡುಗಂದಲ್ಲ."

ಗೆದ್ದೆ ಅಂದುಕೊಂಡೆ.

"ಹಾಗಾದ್ರೆ ಇನ್ನೊಂದು ಹೇಳು," ಅಂದರು. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. "ಇಲ್ಲಿ ತೂಕಡಿಸಿದ್ರೆ ಕೇಸರಿಬಾತ್ ಆರುತ್ತೆ, ಅಷ್ಟೇ. ಇಂಜಿನ್ ಮುಂದೆ ತೂಕಡಿಸಿದ್ರೆ? ನನ್ನ ಪಕ್ಕದ ಮೆಷೀನಿನವನು ತೂಕಡಿಸಿ ಕೈ ಕಳ್ಕೊಂಡ. ಕಣ್ಣಾರೆ ನೋಡಿದೀನಿ. ತಂದೆಯಿಲ್ಲದ ಹುಡುಗೀನ ಯಾವ ಧೈರ್ಯದ ಮೇಲೆ ಕೊಡ್ಲಿ?"

ಅವರು ನನ್ನ ವಾದವನ್ನು ಮುರಿಯಲಿಲ್ಲ, ಅದನ್ನೇ ಹಿಡಿದು ಒಂದು ಹೆಜ್ಜೆ ಮುಂದೆ ಹೋದರು. ನಿದ್ದೆ ಅವನ ಕೈಯಲ್ಲಿಲ್ಲ ಅಂತ ನಾನೇ ಸಾಧಿಸಿದ ಮೇಲೆ, ಹಡಗಿನಲ್ಲಿ ಮಾತ್ರ ಅದು ಅವನ ಮಾತು ಕೇಳುತ್ತೆ ಅಂತ ಯಾವ ಬಾಯಲ್ಲಿ ಹೇಳೋದು? ಉತ್ತರ ಹೇಳಬೇಕಾದವನು ಅಣ್ಣ. ಅವನ ಕಡೆ ನೋಡಿದೆ. ಪೂರ್ತಿ ಎಚ್ಚರವಾಗಿದ್ದ. ಹುಡುಗಿಯೂ ಅವನನ್ನೇ ನೋಡುತ್ತಿದ್ದಳು. ಅವನು ಅವಳ ಕೈಯಿಂದ ತಟ್ಟೆ ಇಸಿದುಕೊಂಡು ತಲೆ ತಗ್ಗಿಸಿ ತಿನ್ನತೊಡಗಿದ.

ಜಾತಕ ಕೂಡಲಿಲ್ಲ ಅಂತ ಹೇಳಿಕಳಿಸಿದರು. ಕೂಡಿದೆ ಅಂತ ಮೊದಲು ಹೇಳಿದ್ದೂ ಅವರೇ.

ರಜೆ ಮುಗಿದ ಮೇಲೆ ಅಣ್ಣನನ್ನು ಕಳಿಸಲು ಯಶವಂತಪುರ ಸ್ಟೇಷನ್ನಿಗೆ ಹೋಗಿದ್ದೆವು. ಅವನು ಪೂನಾ ರೈಲು ಹತ್ತಿ ಕೂತ. ಅಪ್ಪ ಕುಡಿಯುವ ನೀರು ತರಲು ನಲ್ಲಿಯ ಹತ್ತಿರ ಹೋದರು. ನಾನು ಕಿಟಕಿಯ ಸರಳು ಹಿಡಿದು ಕೇಳಿದೆ:

"ಅಣ್ಣ, 'ಇಂಜಿನ್ ಮುಂದೆ ನಾನು ಯಾವತ್ತೂ ತೂಕಡಿಸಿಲ್ಲ' ಅಂತ ಅವತ್ತು ಒಂದ್ಮಾತು ಅಂದಿದ್ರೆ ಸಾಕಿತ್ತು. ನೀನು ಎಚ್ಚರವಾಗೇ ಇದ್ದೆಯಲ್ಲ. ಯಾಕೆ ಅನ್ಲಿಲ್ಲ?"

ಅಣ್ಣ ನಲ್ಲಿಯ ಕಡೆ ಒಮ್ಮೆ ನೋಡಿ, "ಅಂದಿದ್ರೆ ಸುಳ್ಳಾಗ್ತಿತ್ತು ಕಣೇ," ಅಂದ.